ಹತ್ತರಲ್ಲೊಂದು ಅಳತೆಯ ಕಡಲ ದೋಣಿ: ಮಗುಚಿ ನೋಡಿದ ವಾರ

ಹೋದ ಭಾನುವಾರ ತೋಟದ ಕೆರೆಯಲ್ಲಿ ದೋಣಿ ಮಗುಚಿತು. ನಾನೇ ಬೇಕಂತ ಮಗುಚಿದ್ದು. ಆದರೆ 120 ಡಿಗ್ರಿ ದಾಟಿದ ಮೇಲೆ ಅದು ವಾಪಸ್ ಏಳಲೇ ಇಲ್ಲ. ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆ, ಅಂದರೆ ಕೀಲ್, ಆಕಾಶಕ್ಕೆ; ಕಂಬ ಕೆಸರಿಗೆ. ಸೊಂಟದವರೆಗಿನ ನೀರಲ್ಲಿ ನಿಂತು ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ನಾಲ್ಕು ತಿಂಗಳ ಕೆಲಸ ಅದು. ತುಂಬಾ ಬೇಜಾರಾಯಿತು.

ಹೊಸದಾಗಿ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ನಾನು ಮಾಡುತ್ತಿರುವುದು ಕಾಂಟೆಸ್ಸಾ 32 ಅನ್ನೋ ಇಂಗ್ಲಿಷ್ ಹಾಯಿದೋಣಿಯ ಮಾದರಿ. ಡೇವಿಡ್ ಸ್ಯಾಡ್ಲರ್ ವಿನ್ಯಾಸ. ನಿಜದ ದೋಣಿ 32 ಅಡಿ ಉದ್ದ, ಒಂಬತ್ತೂವರೆ ಅಡಿ ಅಗಲ. ತೂಕ ಸುಮಾರು 4,300 ಕೆಜಿ, ಅದರಲ್ಲಿ 2,000 ಕೆಜಿಗೂ ಮೇಲ್ಪಟ್ಟು ಕೀಲ್‌ನಲ್ಲಿರುವ ಸೀಸವೇ. ಅಂದರೆ ಹತ್ತಿರ ಹತ್ತಿರ ಅರ್ಧ ತೂಕ ನೀರಿನ ಅಡಿಗೇ ಇದೆ.

ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ 1979ರ ಫಾಸ್ಟ್‌ನೆಟ್ ರೇಸ್, ಇಂಗ್ಲೆಂಡಿನಿಂದ ಹೊರಡುವ ಕಡಲ ಹಾಯಿದೋಣಿ ಪಂದ್ಯ. 303 ದೋಣಿ ಹೊರಟಿದ್ದವು. ಮಧ್ಯದಲ್ಲಿ ದೊಡ್ಡ ಬಿರುಗಾಳಿ ಎದ್ದು ರೇಸಿನಲ್ಲಿದ್ದ 15 ನಾವಿಕರು ತೀರಿಕೊಂಡರು. ಎಷ್ಟೋ ದೋಣಿಗಳು ಪೂರ್ತಿ ಉರುಳಿದವು, ಕೆಲವು ತಲೆಕೆಳಗಾಗಿ ಹಾಗೇ ನಿಂತವು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು, ಅಸೆಂಟ್ ಅನ್ನೋ ಕಾಂಟೆಸ್ಸಾ 32. ಅದನ್ನು ಓದಿದ ದಿನದಿಂದ ಈ ಆಕಾರ ತಲೆಯಿಂದ ಹೋಗಿಲ್ಲ.

ಹತ್ತರಲ್ಲೊಂದು ಅಳತೆ ಅಂದರೆ ಉದ್ದ 97.5 ಸೆಂ.ಮೀ. ಆದರೆ ಉದ್ದ, ಅಗಲ, ಎತ್ತರ ಮೂರೂ ಹತ್ತರಲ್ಲೊಂದಾಗುವುದರಿಂದ ತೂಕ ಹತ್ತರಲ್ಲೊಂದಲ್ಲ, ಸಾವಿರದಲ್ಲೊಂದು. 4.3 ಕೆಜಿ. ಈ ಲೆಕ್ಕ ಬಹಳ ಕಟ್ಟುನಿಟ್ಟು. ನನ್ನದು 4.6 ಕೆಜಿ ಬಂತು. ಬರೀ 300 ಗ್ರಾಂ ಜಾಸ್ತಿ ಅಂತ ಅನಿಸಬಹುದು, ಆದರೆ ನಿಜದ ದೋಣಿಯಲ್ಲಿ ಅದು 300 ಕೆಜಿ.

ಆ ತೂಕ ಎಲ್ಲಿಂದ ಬಂತು ಅಂತ ಗೊತ್ತು. ಮಳೆಯಿಂದ. ಒಡಲಿಗೆ ನಮ್ಮ ತೋಟದ್ದೇ ಸಿಲ್ವರ್ ಓಕ್ ಹಾಕಿದೆ, ಸಾಮಿಲ್ಲಿನಲ್ಲಿ 3 ಮಿ.ಮೀ. ಪಟ್ಟಿ ಸೀಳಿಸಿ. ಜುಲೈಯಲ್ಲಿ ಸೋಮವಾರಪೇಟೆ ಕಡೆ ಗೋಡೆಯೇ ಬೆವರುತ್ತದೆ, ಮರ ಒಣಗುತ್ತದಾ? ಪಟ್ಟಿಗಳನ್ನು ಅಡುಗೆಮನೆಯ ಅಟ್ಟದಲ್ಲಿ, ಸೌದೆ ಒಲೆಯ ಮೇಲೆ ಹದಿನೈದು ದಿನ ಇಟ್ಟೆ. ಅಮ್ಮ ಒಣಮೀನಿನ ಡಬ್ಬ ಸರಿಸಿ ಜಾಗ ಮಾಡಿಕೊಟ್ಟರು. ಮರಕ್ಕೆ ಹಚ್ಚುವ ಎಪಾಕ್ಸಿ ಅಂಟಿನ ಕಥೆ ಬೇರೆ. ತೇವಕ್ಕೆ ಮೇಲೆ ಬಿಳಿ ಜಿಗುಟು ಪೊರೆ ಕಟ್ಟಿತು. ಅದನ್ನು ಬೆಚ್ಚನೆ ನೀರಲ್ಲಿ ತೊಳೆದು, ಉಪ್ಪುಕಾಗದ ಹಾಕಿ ಉಜ್ಜಿ, ಆಮೇಲೇ ಇನ್ನೊಂದು ಕೋಟ್ ಕೊಡಬೇಕು. ನಾನು ಮೊದಲೆರಡು ಸಲ ತೊಳೆಯದೆ ಮೇಲೆ ಮೇಲೆ ಹಚ್ಚಿದೆ. ಹಿಡಿಯಲಿಲ್ಲ ಅಂತ ಇನ್ನಷ್ಟು ಹಚ್ಚಿದೆ.

ದೋಣಿಯ ಒಳಗಿನ ಪಕ್ಕೆಲುಬು ಕೂರಿಸಲು ಬಂದಿದ್ದ ಆಚಾರಿ ಆಗಲೇ ಕೇಳಿದ್ದರು: “ಸಾರ್, ಇಷ್ಟು ಸಪೂರ ಮಾಡಿದ್ರೆ ವಾಲಲ್ವಾ?”

“ವಾಲುತ್ತೆ ಆಚಾರ್ರೇ, ಆದ್ರೆ ಬೀಳಲ್ಲ” ಅಂದಿದ್ದೆ.

ಅಗಲ ಜಾಸ್ತಿ ಇದ್ದರೆ ದೋಣಿ ಮೊದಲಿಗೆ ಗಟ್ಟಿ ನಿಲ್ಲುತ್ತದೆ, ನಿಜ. ಮರದ ಹಲಗೆ ನೀರಲ್ಲಿ ಅಲ್ಲಾಡದೆ ಕೂರುವ ಹಾಗೆ. ಆದರೆ ಹಲಗೆಯನ್ನು ತಿರುಗಿಸಿ ಹಾಕಿದರೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಕಡಲ ಮಧ್ಯೆ ಬೇಕಾದ್ದು ಅದಲ್ಲ. ಸಪೂರ ಒಡಲು, ಆಳದಲ್ಲಿ ಭಾರ. ಅಂಥ ದೋಣಿ ಬೇಗ ವಾಲುತ್ತದೆ, ಆದರೆ ಒಂದು ಮಟ್ಟದವರೆಗೆ ವಾಲಿದಷ್ಟೂ ಎಳೆದು ನಿಲ್ಲಿಸುವ ಬಲ ಬೆಳೆಯುತ್ತಾ ಹೋಗುತ್ತದೆ. ಕಂಬ ನೀರು ಮುಟ್ಟಿದ ಮೇಲೂ ಆ ಬಲ ಉಳಿದಿರುತ್ತದೆ. ನಿಜದ ಕಾಂಟೆಸ್ಸಾ 150 ಡಿಗ್ರಿ ದಾಟುವವರೆಗೂ ಎದ್ದು ಬರುತ್ತದೆ. ನನ್ನದು 120ಕ್ಕೇ ಕೈಬಿಟ್ಟಿತು.

ಪರೀಕ್ಷೆ ಮಾಡಿದ್ದು ಹೀಗೆ. ಮುಚ್ಚಳಗಳಿಗೆಲ್ಲ ಟೇಪ್ ಸುತ್ತಿ, ಕಂಬದ ತುದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಮೀನು ತೂಗುವ ಡಿಜಿಟಲ್ ತಕ್ಕಡಿ. ಹಿಂಬದಿಗೆ ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ ಅಂಟಿಸಿ, ಅದರ ಮಧ್ಯದಿಂದ ಸೀಸದ ಗುಂಡು ಇಳಿಬಿಟ್ಟೆ. 90 ಡಿಗ್ರಿಗೆ ಮಲಗಿಸಿದಾಗ ದೋಣಿ ಏಳಲು ಎಳೆಯುವ ಬಲವನ್ನು ತಕ್ಕಡಿ 110 ಗ್ರಾಂ ಅಂತ ತೋರಿಸಿತು. ತುಂಬಾ ಕಮ್ಮಿ. ಅಲ್ಲಿಂದ ಮುಂದೆ ಇಳಿಯುತ್ತಾ ಹೋಗಿ, 120ರ ಹತ್ತಿರ ಸೊನ್ನೆ. ಗುಂಡು ಕೋನಮಾಪಕದ ಮೇಲೆ ತಟಕ್ ಅಂತ ಹಾರಿತು, ದೋಣಿ ಬೋರಲಾಯಿತು.

ರಾತ್ರಿ ಒಂದೊಂದೇ ಬಿಚ್ಚಿ ತೂಗಿದೆ. ಕಂಬ ಗಟ್ಟಿ ಮರದ್ದು, 190 ಗ್ರಾಂ. ರೇಡಿಯೊ ಬ್ಯಾಟರಿ 250 ಗ್ರಾಂ, ಕೈಗೆ ಸಿಗಲಿ ಅಂತ ಡೆಕ್‌ನ ಕೆಳಗೇ ಇಟ್ಟಿದ್ದೆ. ಎರಡೂ ತಪ್ಪು. ಕಂಬದ ಬದಲು ಹಳೆಯ ಗಾಳದ ಕಾರ್ಬನ್ ಕೊಳವೆ ಹಾಕಿದೆ, 70 ಗ್ರಾಂ. ಬ್ಯಾಟರಿಯನ್ನು 8 ಸೆಂ.ಮೀ. ಇಳಿಸಿ ಕೀಲ್‌ನ ನೆತ್ತಿಗೆ ಕೂರಿಸಿದೆ. ಈ ಎರಡೇ ಕೆಲಸಕ್ಕೆ ಭಾರದ ಕೇಂದ್ರ 2 ಸೆಂ.ಮೀ. ಕೆಳಗೆ ಹೋಯಿತು. ಬುಧವಾರ ಸಂಜೆ ಮತ್ತೆ ಕೆರೆಗೆ. 90 ಡಿಗ್ರಿಯಲ್ಲಿ ಈ ಸಲ 185 ಗ್ರಾಂ! 130, 140 ದಾಟಿದರೂ ದಾರ ಬಿಗಿಯಾಗೇ ಇತ್ತು. 148ಕ್ಕೆ ಸೊನ್ನೆಯಾಯಿತು. 140ರಲ್ಲಿ ಕೈ ಬಿಟ್ಟೆ. ಮೊದಲು ಒಂದು ಕ್ಷಣ ಸುಮ್ನೆ ತೇಲಿತು, ಆಮೇಲೆ ಕಂಬ ನೀರು ಸೀಳಿಕೊಂಡು ಮೇಲೆ ಬಂತು. ಹಾಯಿಯಿಂದ ನೀರು ಸುರಿಯುತ್ತಿತ್ತು. ಅದನ್ನೇ ಏಳೆಂಟು ಸಲ ಮಾಡಿದೆ.

ಈಗ ವೇಗದ ವಿಷಯ. ಇಂಥ ಭಾರದ ದೋಣಿಗೆ ಒಂದು ಮಿತಿ ಇದೆ. ಓಡುವಾಗ ಅದರದ್ದೇ ಅಲೆ ಮೂತಿಯಲ್ಲೊಂದು, ಹಿಂದೊಂದು ಏಳುತ್ತದೆ. ಆ ಎರಡರ ನಡುವಿನ ಅಂತರ ನೀರುಗೆರೆಯ (ನೀರಿನ ಮಟ್ಟದಲ್ಲಿ ಒಡಲಿನ) ಉದ್ದಕ್ಕೆ ಸಮವಾದಾಗ ದೋಣಿ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೀರುಗೆರೆಯ ಅಡಿಗಳ ವರ್ಗಮೂಲಕ್ಕೆ 1.34ರಿಂದ ಗುಣಿಸಿದರೆ ನಾಟ್ ಲೆಕ್ಕ. ಕಾಂಟೆಸ್ಸಾದ ನೀರುಗೆರೆ 24 ಅಡಿ, ಹಾಗಾಗಿ ಸುಮಾರು 6.5 ನಾಟ್, ಗಂಟೆಗೆ 12 ಕಿ.ಮೀ. ಸೈಕಲ್ ವೇಗ. ನನ್ನ ಪಾಲಿಗೆ ಇದು ಕೊರತೆಯೇ ಅಲ್ಲ. ದಿನವಿಡೀ, ರಾತ್ರಿಯಿಡೀ ಅದೇ ವೇಗದಲ್ಲಿ ನೀರು, ಊಟ, ಮನುಷ್ಯರನ್ನು ಹೊತ್ತು ಮೆತ್ತಗೆ ಹೋಗುವುದು ದೊಡ್ಡ ಗುಣ. ಸುಹೈಲಿ ಅನ್ನೋ ಹಾಯಿದೋಣಿಯೂ 32 ಅಡಿಯದ್ದೇ, ನಮ್ಮ ಮುಂಬೈಯಲ್ಲಿ ತೇಗದಲ್ಲಿ ಕಟ್ಟಿದ್ದು. 1968–69ರಲ್ಲಿ ಇಂಗ್ಲಿಷ್ ನಾವಿಕ ರಾಬಿನ್ ನಾಕ್ಸ್-ಜಾನ್ಸ್‌ಟನ್ ಅದರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನದಲ್ಲಿ ಭೂಮಿ ಸುತ್ತಿ ಬಂದರು.

ನಿಜದ ದೋಣಿಯ ವೇಗ ತಿಳಿಯಲು ಮಾದರಿಯ ವೇಗವನ್ನು 3.16ರಿಂದ ಗುಣಿಸಬೇಕು, ಅಂದರೆ ಹತ್ತರ ವರ್ಗಮೂಲ. ಕೆರೆದಂಡೆಯಲ್ಲಿ 10 ಮೀಟರ್ ಅಂತರಕ್ಕೆ ಎರಡು ಗೂಟ ಹೊಡೆದೆ. ಅತಿ ಚೆನ್ನಾಗಿ ಓಡಿದ್ದು 10 ಸೆಕೆಂಡ್. ನಿಜದ ದೋಣಿಗೆ 6.1 ನಾಟ್ ಆಯಿತು. ಆಗ ಬಗ್ಗಿ ನೋಡಿದರೆ ಮೂತಿ ಹತ್ತಿರ ಒಂದು ಉಬ್ಬು, ಹಿಂದೆ ಒಂದು ಉಬ್ಬು, ನಡುವೆ ಹಳ್ಳ. ಉದುರಿದ್ದ ಸಿಲ್ವರ್ ಓಕ್ ಎಲೆಯೊಂದು ಆ ಹಳ್ಳದಲ್ಲೇ ದೋಣಿಯ ಪಕ್ಕ ಸ್ವಲ್ಪ ದೂರ ಬಂತು.

ಗಾಳಿಗೂ ಅದೇ ಲೆಕ್ಕ. ಕೆರೆ ಮೇಲೆ 8 ನಾಟ್ ಬೀಸಿದರೆ ನನ್ನ ದೋಣಿಗೆ ಅದು 25 ನಾಟ್. ಅದಕ್ಕೇ ಮಧ್ಯಾಹ್ನದ ಮೇಲೆ ಹಾಯಿ ಚಿಕ್ಕದು ಮಾಡಲೇಬೇಕು. ಹಾಯಿ ಹಳೆಯ ಕೊಡೆ ಬಟ್ಟೆಯದು. ಎಳೆದರೆ ಹಿಗ್ಗಿ ಹೊಟ್ಟೆ ಹಿಂದಕ್ಕೆ ಜಾರುತ್ತದೆ, ಗಾಳಿಗೆ ಎದುರಾಗಿ ಏರುವಾಗ ಸೋಲುತ್ತದೆ. ಪಾಲಿಯೆಸ್ಟರ್ ತರಿಸಬೇಕು.

ತೂಕ ಇನ್ನೂ 180 ಗ್ರಾಂ ಜಾಸ್ತಿ ಇದೆ. ಈ ವಾರ ಡೆಕ್ ಬಿಚ್ಚಿ ಒಳಗಿನ ಎಪಾಕ್ಸಿ ಕೆರೆಯುತ್ತೇನೆ. ಕಾಫಿ ಕುಯ್ಲು ಶುರುವಾಗುವ ಮೊದಲು ಅಷ್ಟಾದರೂ ಮುಗಿಯಬೇಕು.