ಕಲ್ಲಿನ ಮೇಲೆ ಬದುಕಿರುವವರ ಹೆಸರು

ಕಳೆದ ಅಕ್ಟೋಬರಿನ ಒಂದು ಸಂಜೆ ಪಕ್ಕದ ಮನೆಯ ಹಿರಿಯ ಮಹಿಳೆ ತಮ್ಮ ಟ್ಯಾಬ್ಲೆಟ್ಟನ್ನು ಎದೆಗೆ ಅವಚಿಕೊಂಡು, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ನಮ್ಮ ಮನೆಯ ಬಾಗಿಲಿಗೆ ಬಂದರು. ಈ ಊರಿನ ಹವ್ಯಾಸಿ ಛಾಯಾಗ್ರಾಹಕರ ಗುಂಪೊಂದರಲ್ಲಿ ಯಾರೋ ಹಾಕಿದ್ದ ಚಿತ್ರವನ್ನು ಅವರ ಸೊಸೆ ಕಳುಹಿಸಿದ್ದಳಂತೆ. ಹುಲ್ಲಿನ ಮೇಲೆ ಉದುರಿದ ಹಳದಿ ಎಲೆಗಳು, ಓರೆಯಾಗಿ ಬಿದ್ದ ಬಿಸಿಲು, ನಡುವೆ ಕರಿಗ್ರಾನೈಟಿನ ಒಂದು ಸಮಾಧಿಕಲ್ಲು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆ ಕಲ್ಲು ಅವರ ಗಂಡನದು. ಗಂಡನ ಹೆಸರು ಮತ್ತು ಹುಟ್ಟುಸಾವಿನ ವರ್ಷಗಳ ಕೆಳಗೆ ಅವರದೇ ಹೆಸರು, ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಖಾಲಿ ಜಾಗ. ಚಿತ್ರವನ್ನು ನೂರಾರು ಜನ ಮೆಚ್ಚಿದ್ದರು. ಈ ಹೆಂಗಸು ಇನ್ನೂ ಇದ್ದಾರೆಯೇ ಎಂದು ಒಬ್ಬರು ಕೇಳಿದ್ದರು, ಮತ್ತೊಬ್ಬರು ವಯಸ್ಸನ್ನು ಲೆಕ್ಕ ಹಾಕಿ ಉತ್ತರ ಕೊಟ್ಟಿದ್ದರು.

ಚಹಾ ಕುಡಿಯುತ್ತಾ ಬಹಳ ಹೊತ್ತು ಸುಮ್ಮನಿದ್ದ ಅವರು ಕೊನೆಗೆ ಹೇಳಿದ್ದು ಇಷ್ಟು: "ಕಲ್ಲನ್ನು ಯಾರೂ ಓದಬಾರದು ಎಂದು ನಾನು ಹೇಳುವುದಿಲ್ಲ, ಓದಲೆಂದೇ ಕೆತ್ತಿಸಿದ್ದು. ಆದರೆ ಅದನ್ನು ಓದಲು ಅಲ್ಲಿಯತನಕ ನಡೆದು ಹೋಗಬೇಕಾಗಿತ್ತು." ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇಲ್ಲಿ ಗಂಡ ಹೆಂಡತಿ ಒಂದೇ ಸಮಾಧಿಯನ್ನು ಕೊಳ್ಳುವುದು, ಮೊದಲು ಹೋದವರ ಕಲ್ಲಿನ ಮೇಲೆ ಉಳಿದವರಿಗೆ ಜಾಗ ಬಿಡುವುದು ಸಾಮಾನ್ಯ ಪದ್ಧತಿ, ಕೆಲವರು ಉಳಿದವರ ಹೆಸರನ್ನೂ ಮೊದಲೇ ಕೆತ್ತಿಸಿಬಿಡುತ್ತಾರೆ. ಬದುಕಿರುವಾಗಲೇ ತನ್ನ ಹೆಸರನ್ನು ಸ್ಮಶಾನದಲ್ಲಿ ನೋಡುವುದು ನಮ್ಮವರಿಗೆ ಅಪಶಕುನದಂತೆ ಕಂಡೀತು, ಇವರಿಗೆ ಅದು ಮದುವೆಯ ಮಾತನ್ನು ಕೊನೆಯತನಕ ಉಳಿಸಿಕೊಳ್ಳುವ ರೀತಿ. ಕಾನೂನು ಈ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿದೆ. ಇಂಗ್ಲೆಂಡಿನಲ್ಲಿ ಸಮಾಧಿಯ ಚಿತ್ರ ತೆಗೆಯುವುದು ಅಪರಾಧವಲ್ಲ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪದ ಚಿತ್ರ ತೆಗೆಯಲು 1988ರ ಕೃತಿಸ್ವಾಮ್ಯ ಕಾಯಿದೆಯೇ ಅವಕಾಶ ಕೊಟ್ಟಿದೆ. ವೈಯಕ್ತಿಕ ಮಾಹಿತಿಯನ್ನು ಕಾಯುವ ಕಾನೂನು ಬದುಕಿರುವವರಿಗೆ ಮಾತ್ರ ಅನ್ವಯಿಸುತ್ತದೆ, ಸತ್ತವರಿಗೆ ಅದರ ರಕ್ಷಣೆಯಿಲ್ಲ. ಸ್ಮಶಾನವನ್ನು ನಡೆಸುವವರು ತಮ್ಮದೇ ನಿಯಮಗಳನ್ನು ಮಾಡಿಕೊಳ್ಳಬಹುದು, ಆದರೆ ಆ ನಿಯಮಗಳು ಹೆಚ್ಚಾಗಿ ವ್ಯಾಪಾರಕ್ಕಾಗಿ ಚಿತ್ರೀಕರಿಸುವವರನ್ನು ತಡೆಯುತ್ತವೆಯೇ ಹೊರತು ಜೇಬಿನಲ್ಲಿ ಫೋನ್ ಇಟ್ಟುಕೊಂಡು ಅಡ್ಡಾಡುವವರನ್ನಲ್ಲ. ಹೀಗಾಗಿ ಉಳಿದದ್ದೆಲ್ಲ ಮನುಷ್ಯರ ಮರ್ಯಾದೆಗೆ ಬಿಟ್ಟದ್ದು. ನಾವಿಬ್ಬರೂ ಸೇರಿ ಆ ಛಾಯಾಗ್ರಾಹಕರಿಗೆ ಬರೆದಾಗ ಅವರು ಒಂದೇ ದಿನದಲ್ಲಿ ಕ್ಷಮೆ ಕೇಳಿ ಹೆಸರುಗಳನ್ನು ಮಸುಕುಗೊಳಿಸಿದರು.

ಬ್ರಿಸ್ಟಲ್‌ನಲ್ಲಿರುವ ಭಾರತೀಯರಿಗೆ ಈ ಪ್ರಶ್ನೆ ದೂರದ್ದಲ್ಲ, ಏಕೆಂದರೆ ಊರಿನಿಂದ ಬಂದ ನೆಂಟರನ್ನು ನಾವು ಕರೆದೊಯ್ಯುವ ಸ್ಥಳಗಳಲ್ಲಿ ಒಂದು ಸ್ಮಶಾನವೇ. 1833ರ ಸೆಪ್ಟೆಂಬರ್ 27ರಂದು ಇದೇ ಊರಿನಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರನ್ನು ಮೊದಲು ಅವರು ಅತಿಥಿಯಾಗಿ ತಂಗಿದ್ದ ಸ್ಟೇಪಲ್ಟನ್‌ನ ಮನೆಯ ತೋಟದಲ್ಲಿ ಹೂಳಲಾಗಿತ್ತು. 1843ರಲ್ಲಿ ಅವರ ಗೆಳೆಯ ದ್ವಾರಕಾನಾಥ ಠಾಕೂರರು ಆ ದೇಹವನ್ನು ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸ್ಮಶಾನಕ್ಕೆ ಸಾಗಿಸಿ ಮೇಲೊಂದು ಛತ್ರಿಯಾಕಾರದ ಸ್ಮಾರಕವನ್ನು ಕಟ್ಟಿಸಿದರು. ವಿಲಿಯಂ ಪ್ರಿನ್ಸೆಪ್ ರೂಪಿಸಿದ ಆ ಕಂಬಗಳ ಮಂಟಪ ಇಂಗ್ಲಿಷ್ ಶಿಲುಬೆಗಳ ನಡುವೆ ನಿಂತಿರುವುದನ್ನು ಮೊದಲ ಬಾರಿ ಕಂಡಾಗ ಯಾವ ಭಾರತೀಯನಿಗೂ ಕಣ್ಣು ತುಂಬುತ್ತದೆ, ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಲೋಕಕ್ಕೆಲ್ಲ ಕಾಣಲೆಂದೇ ಕಟ್ಟಿಸಿದ ಸ್ಮಾರಕವದು. ಆದರೆ ಆರ್ನೋಸ್ ವೇಲ್ ವಸ್ತುಸಂಗ್ರಹಾಲಯವಲ್ಲ. ಅಲ್ಲಿ ಈಗಲೂ ಸತ್ತವರನ್ನು ಹೂಳುತ್ತಾರೆ, ಚಿತಾಭಸ್ಮವನ್ನು ಇಡುತ್ತಾರೆ. ಒಮ್ಮೆ ನಮ್ಮ ಭಾವ ಅಲ್ಲಿನ ದಾರಿಯಲ್ಲಿ ನಡೆಯುತ್ತಲೇ ಊರಿನವರಿಗೆ ವಿಡಿಯೊ ಕರೆ ಮಾಡಿ, ಅಕ್ಕಪಕ್ಕದ ಗೋರಿಗಳನ್ನೆಲ್ಲ ದೊಡ್ಡ ದನಿಯಲ್ಲಿ ತೋರಿಸುತ್ತಾ ಬಂದರು. ಆಟಿಕೆ, ಪುಟ್ಟ ಬೂಟು, ಕೈಬರಹದ ಪತ್ರಗಳಿದ್ದ ಒಂದು ಸಣ್ಣ ಗೋರಿಯ ಬಳಿ ಕುಳಿತಿದ್ದ ಹುಡುಗಿ ತಲೆಯೆತ್ತಿ ನೋಡಿ, ಎದ್ದು, ಮಾತಾಡದೆ ಹೊರಟುಹೋದಳು. ಭಾವ ಒಳ್ಳೆಯ ಮನುಷ್ಯರು, ವಿಷಯ ತಿಳಿದೊಡನೆ ಕರೆ ನಿಲ್ಲಿಸಿದರು. ಆದರೂ ಆ ಹುಡುಗಿಯ ಆ ದಿನವನ್ನು ಅವಳಿಗೆ ಮರಳಿ ಕೊಡುವುದು ಸಾಧ್ಯವಿರಲಿಲ್ಲ.

ಹಾಗೆಂದು ಸಮಾಧಿಗಳ ಚಿತ್ರ ತೆಗೆಯುವುದೇ ಬೇಡ ಎನ್ನುವವರ ಜೊತೆ ನಾನಿಲ್ಲ. ಸುಣ್ಣಕಲ್ಲು, ಮರಳುಕಲ್ಲಿನ ಮೇಲಿನ ಅಕ್ಷರಗಳು ಈ ದೇಶದ ಮಳೆಗೆ ಕರಗುತ್ತಲೇ ಇವೆ, ಕೆಲವು ಹೆಸರುಗಳು ಮುಂದೆ ಚಿತ್ರಗಳಲ್ಲಿ ಮಾತ್ರ ಉಳಿಯಲಿವೆ. ಅಮೆರಿಕದ ಜಿಮ್ ಟಿಪ್ಟನ್ 1995ರಲ್ಲಿ ಖ್ಯಾತರ ಗೋರಿಗಳಿಗಾಗಿ ಆರಂಭಿಸಿದ ಫೈಂಡ್ ಎ ಗ್ರೇವ್ ಎಂಬ ಜಾಲತಾಣ ಇಂದು ಕೋಟ್ಯಂತರ ಸಾಮಾನ್ಯರ ಸಮಾಧಿಗಳ ದಾಖಲೆಯಾಗಿ ಬೆಳೆದಿದೆ, ಅದರ ಹಿಂದೆ ಕೂಲಿ ಬಯಸದೆ ದುಡಿಯುವ ಸ್ವಯಂಸೇವಕರಿದ್ದಾರೆ. ನಮ್ಮ ಬೀದಿಯ ಇನ್ನೊಬ್ಬ ಹಿರಿಯರು, ನಾನು ಮಂಡ್ಯದ ಕಡೆಯವಳೆಂದು ತಿಳಿದಾಗ, ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ತಮ್ಮ ವಂಶದವರೊಬ್ಬರು ಇದ್ದಾರೆಂದು ಹೇಳಿ, ಸಾಧ್ಯವಾದರೆ ಒಂದು ಚಿತ್ರ ತರಬೇಕೆಂದು ಬಹಳ ಸಂಕೋಚದಿಂದ ಕೇಳಿಕೊಂಡರು. ಟಿಪ್ಪುವಿನ ಪತನವಾದ 1799ರ ನಂತರ ಅಲ್ಲಿದ್ದ ಬ್ರಿಟಿಷರ ದಂಡಿನವರೂ ಅವರ ಹೆಂಡಿರು ಮಕ್ಕಳೂ ಕಾವೇರಿಯ ದಡದ ಆ ಮಣ್ಣಿನಲ್ಲಿದ್ದಾರೆ. ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ಮನೆತನದವರು ಬ್ರಿಟಿಷರ ಪರ ಹೋರಾಡಿದ ತಮ್ಮ ಹೆಸರಿನ ರೆಜಿಮೆಂಟಿನವರು ಅಲ್ಲಿ ಮಲಗಿದ್ದಾರೆಂದು ದೂರದಿಂದ ಬಂದು ಆ ಜಾಗವನ್ನು ಜೀರ್ಣೋದ್ಧಾರ ಮಾಡಿಸಿದ್ದಾರೆ. ಇಳಿಬಿಸಿಲು ಅಡ್ಡಡ್ಡವಾಗಿ ಬೀಳುವ ಹೊತ್ತಿಗೆ ಹೋದರೆ ಸವೆದ ಅಕ್ಷರಗಳೂ ನೆರಳಿನಿಂದಾಗಿ ಎದ್ದು ಕಾಣುತ್ತವೆ. ಸೀಮೆಸುಣ್ಣ ತಿಕ್ಕುವುದಾಗಲಿ, ತಂತಿಯ ಬ್ರಷ್ಷಿನಿಂದ ಪಾಚಿ ಕೆರೆಯುವುದಾಗಲಿ ಕಲ್ಲನ್ನು ಕೊಲ್ಲುವ ಕೆಲಸ. ಅರ್ಧ ಅಳಿಸಿದ ಆ ಹೆಸರಿನ ಚಿತ್ರವನ್ನು ಕಂಡು ಆ ಹಿರಿಯರು ನನ್ನ ಕೈ ಹಿಡಿದುಕೊಂಡರು. ಕೇಳಿದವರು ರಕ್ತಸಂಬಂಧಿ, ಹೋದವರು ಎರಡು ಶತಮಾನದ ಹಿಂದಿನವರು. ಅಲ್ಲಿ ನೋಯುವವರು ಯಾರೂ ಇರಲಿಲ್ಲ.

ಎಷ್ಟು ಕಾಲ ಕಳೆದ ಮೇಲೆ ದುಃಖವು ಚರಿತ್ರೆಯಾಗುತ್ತದೆ ಎಂಬುದೇ ನನಗೆ ನಿಜವಾದ ಪ್ರಶ್ನೆಯಾಗಿ ತೋರುತ್ತದೆ. ನಮ್ಮ ನಾಡಿನ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಸತ್ತವರ ಕಲ್ಲುಗಳೇ. ಬೆಂಗಳೂರಿನ ಹೆಸರು ಮೊದಲು ಕಾಣಸಿಗುವುದು ಬೇಗೂರಿನ ದೇವಾಲಯದಲ್ಲಿರುವ, ಕಾಳಗದಲ್ಲಿ ಮಡಿದವನೊಬ್ಬನ ಶಾಸನದಲ್ಲಿ. ಅಂಥ ಕಲ್ಲುಗಳನ್ನು ಇಂದು ಬೆಂಗಳೂರಿನ ಸಂಶೋಧನ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡುತ್ತಿರುವುದು ಪುಣ್ಯದ ಕೆಲಸ. ಆದರೆ ನಮ್ಮ ತಾತನ ಸಮಾಧಿ ತೋಟದ ಅಂಚಿನಲ್ಲಿದೆ, ಅದರ ಮೇಲೆ ಹೆಸರಿಲ್ಲ. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ನೆನಪು ನನಗಿದೆ. ಅದರ ಚಿತ್ರವನ್ನು ಯಾರಾದರೂ ಅಪರಿಚಿತರು, ಹಳ್ಳಿಯ ಸೊಬಗು ಎಂಬ ಹೆಸರಿನಲ್ಲಿ ಲೋಕಕ್ಕೆ ತೋರಿಸಿದರೆ ನನಗೆ ಹೇಗಾಗಬಹುದು ಎಂದು ಯೋಚಿಸಿದಾಗಲೇ ಪಕ್ಕದ ಮನೆಯವರ ಸಂಕಟ ನನ್ನದಾಯಿತು. ಸತ್ತವರ ಮುಖವನ್ನು ನೆನಪಿನಲ್ಲಿಟ್ಟುಕೊಂಡವರು ಒಬ್ಬರಾದರೂ ಬದುಕಿರುವತನಕ ಆ ಕಲ್ಲು ಮನೆತನದ್ದು. ಅವರನ್ನು ಕೇಳದೆ ಹಂಚಬಾರದು ಎಂಬುದು ನನ್ನ ನಿಲುವು. ಬದುಕಿರುವವರ ಹೆಸರಿದ್ದರೆ ಮರೆಮಾಡಬೇಕು. ಮಕ್ಕಳ ಗೋರಿಗಳನ್ನೂ, ಅಲ್ಲಿಟ್ಟ ಪತ್ರಗಳನ್ನೂ, ಅಳುತ್ತಿರುವವರನ್ನೂ ತೆಗೆಯಲೇಬಾರದು.

ನಮ್ಮವರ ವಿಷಯದಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಕೋವಿಡ್ ಹಬ್ಬಿದ್ದ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ದೆಹಲಿಯ ಚಿತೆಗಳೂ ಬೆಂಗಳೂರಿನ ಹೊರವಲಯದ ಗಿಡ್ಡೇನಹಳ್ಳಿ, ತಾವರೆಕೆರೆಗಳ ಬಯಲು ಸ್ಮಶಾನಗಳೂ ಲೋಕದ ಕಣ್ಣಿಗೆ ಬಿದ್ದಾಗ ನಾವು ಇಲ್ಲಿ ಕುಳಿತು ನೊಂದೆವು, ಇಲ್ಲಿನ ಮಾಧ್ಯಮದವರು ತಮ್ಮದೇ ಸತ್ತವರನ್ನು ಹೀಗೆ ತೋರಿಸುತ್ತಿದ್ದರೇ ಎಂದು ಸಿಟ್ಟಾದೆವು. ದೂರದಿಂದ ತೆಗೆದ ಆ ಚಿತ್ರಗಳು ಸಾವಿನ ಪ್ರಮಾಣವನ್ನು ಲೋಕಕ್ಕೆ ತೋರಿಸಿದವು, ಆದ್ದರಿಂದ ಬೇಕಾಗಿದ್ದವು ಎಂದೇ ನಾನು ಈಗ ನಂಬುತ್ತೇನೆ. ಮುಖಗಳು ಮಾತ್ರ ಬೇಕಿರಲಿಲ್ಲ. ಆದರೆ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ನಾವೇ ಮಾಡುತ್ತಿರುವುದೇನು? ಮೂಗಿಗೆ ಹತ್ತಿ ಇಟ್ಟು ಹಾರ ಹಾಕಿ ಮಲಗಿಸಿದ ದೇಹದ ಚಿತ್ರ ಸ್ಟೇಟಸ್ಸಿಗೆ ಏರುತ್ತದೆ, ಮಕ್ಕಳಿಗೆ ಸುದ್ದಿ ಮುಟ್ಟುವ ಮೊದಲೇ ನಾಲ್ಕು ಊರುಗಳಿಗೆ ಹರಡುತ್ತದೆ. ನನ್ನ ಚಿಕ್ಕಮ್ಮ ಹೋದದ್ದು ನನಗೆ ಗೊತ್ತಾದದ್ದು ಹಾಗೆಯೇ, ಇಲ್ಲಿನ ಬಸ್ಸಿನಲ್ಲಿ, ಕೆಲಸಕ್ಕೆ ಹೋಗುತ್ತಿರುವಾಗ. ಅವರನ್ನು ಕೊನೆಯ ಬಾರಿ ನೋಡಿದ ನೆನಪಿನಲ್ಲಿ ಅವರು ನಗುತ್ತಾ ಒಬ್ಬಟ್ಟು ತಟ್ಟುತ್ತಿದ್ದರು, ಆ ನೆನಪಿನ ಮುಂದೆ ಈಗ ಆ ಚಿತ್ರ ಬಂದು ನಿಲ್ಲುತ್ತದೆ. ಕಳುಹಿಸಿದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಮಣ್ಣಿಗೆ ಬರಲಾಗದ ನಮ್ಮಂಥವರಿಗೆ ಅಂತಿಮ ದರ್ಶನವಾಗಲಿ ಎಂಬುದೇ ಅವರ ಉದ್ದೇಶ, ಮತ್ತು ದೂರದಲ್ಲಿರುವವರಿಗೆ ಎಷ್ಟೋ ಸಲ ಅದೊಂದೇ ದಾರಿ ಎಂಬುದನ್ನು ನಾನು ಅಲ್ಲಗಳೆಯಲಾರೆ. ನೋಡಬೇಕೋ ಬೇಡವೋ ಎಂದು ನಿರ್ಧರಿಸುವ ಒಂದು ಕ್ಷಣವನ್ನು ಮಾತ್ರ ನಾನು ಬಯಸಿದ್ದೆ.

ಇದನ್ನೆಲ್ಲ ನಮ್ಮ ಕುಟುಂಬದ ಗುಂಪಿನಲ್ಲಿ ವಿವರವಾಗಿ ಬರೆದೆ. ಹೊರದೇಶಕ್ಕೆ ಹೋದವಳು ಬುದ್ಧಿ ಹೇಳುತ್ತಾಳೆ ಎಂದು ಒಬ್ಬಿಬ್ಬರಿಗೆ ಬೇಸರವಾಯಿತೆಂದು ಆಮೇಲೆ ತಿಳಿಯಿತು. ಈ ವರ್ಷ ದೊಡ್ಡಪ್ಪ ತೀರಿಕೊಂಡಾಗ ಗುಂಪಿನಲ್ಲಿ ಯಾವ ಚಿತ್ರವೂ ಬರಲಿಲ್ಲ. ಚಿಕ್ಕಮ್ಮನ ಮಗ ನನಗೆ ನೇರವಾಗಿ ಫೋನ್ ಮಾಡಿದ. "ಅಕ್ಕ, ದೊಡ್ಡಪ್ಪ ಹೋಗ್ಬಿಟ್ರು. ದೊಡ್ಡಮ್ಮನ್ನ ಕೇಳಿದೀನಿ, ಆಗ್ಲಿ ಅಂದ್ರು. ನಿಂಗೆ ಒಂದು ಫೋಟೊ ಕಳಿಸ್ಲಾ?" ಎಂದು ಕೇಳಿದ. ಕಳಿಸು ಎಂದೆ.