ತುಂತುರು ಎಂಬ ಹೆಸರು ಬಂದ ದಾರಿ

ಎರಡು ವರ್ಷ ತುಂಬಿದ ಹೆಣ್ಣು ಕುದುರೆಯೊಂದು ನನ್ನ ಲಾಯಕ್ಕೆ ಬಂದು ನಾಲ್ಕು ತಿಂಗಳಾಯಿತು. ಮೈಬಣ್ಣ ಕೆಂಗಂದು; ಪಕ್ಕೆಯಿಂದ ತೊಡೆಯವರೆಗೆ ಯಾರೋ ಹಿಟ್ಟು ಚಿಮುಕಿಸಿದಂತೆ ಬಿಳಿಯ ಸಣ್ಣ ಚುಕ್ಕೆಗಳು. ತಂದೆಯ ಹೆಸರು ಮೇಘರಾಜ, ತಾಯಿಯ ಹೆಸರು ಸಂಜೆ. ಅವಳಿಗೆ ಮಾತ್ರ ಹೆಸರಿರಲಿಲ್ಲ. ಲಾಯದಲ್ಲಿ ಎಲ್ಲರೂ 'ಮರಿ' ಎಂದೇ ಕರೆಯುತ್ತಿದ್ದರು. ಹೆಸರಿಡಲು ಕುಳಿತಾಗ ಮೊದಲು ನೆನಪಾದವು ರೇಸಿನ ಇತಿಹಾಸದ ದೊಡ್ಡ ಹೆಸರುಗಳೇ, ಮತ್ತು ಅವುಗಳಲ್ಲೊಂದನ್ನು ಹಾಗೆಯೇ ಇಟ್ಟುಬಿಡೋಣವೆಂದು ಕೆಲವು ದಿನ ಅನ್ನಿಸಿದ್ದೂ ಹೌದು. ಆದರೆ ಆ ಹೆಸರುಗಳ ಹಿಂದಿನ ಸಂಗತಿಗಳನ್ನು ಒಂದೊಂದಾಗಿ ಓದುತ್ತಾ ಹೋದಂತೆ, ಅಲ್ಲಿಂದ ತರಬೇಕಾದದ್ದು ಹೆಸರನ್ನಲ್ಲ, ಹೆಸರಿಟ್ಟವರು ಯೋಚಿಸಿದ ಬಗೆಯನ್ನು ಎಂದು ನನಗೆ ಮನವರಿಕೆಯಾಯಿತು.

ಸೆಕ್ರೆಟೇರಿಯಟ್ ಎಂಬ ಹೆಸರನ್ನೇ ನೋಡಿ. 1973ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷದ ಮೂರು ದೊಡ್ಡ ರೇಸ್‌ಗಳನ್ನು, ಗೆದ್ದ, ಅವುಗಳಲ್ಲಿ ಕೊನೆಯದಾದ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಎರಡನೆಯ ಕುದುರೆಗಿಂತ 31 ಕುದುರೆಯುದ್ದ ಮುಂದೆ ಬಂದು, ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದ ಕುದುರೆಯದು. ಆ ರೇಸಿನ ದಾಖಲೆಯನ್ನು ಇಂದಿಗೂ ಯಾವ ಕುದುರೆಯೂ ಮುರಿದಿಲ್ಲ. ಹೆಸರಿನ ಅರ್ಥವಾದರೋ ಸಚಿವಾಲಯ, ಕಡತಗಳು ಓಡಾಡುವ ಜಾಗ. ತಂದೆ ಬೋಲ್ಡ್ ರೂಲರ್, ತಾಯಿ ಸಮ್‌ಥಿಂಗ್‌ರಾಯಲ್ ಆಗಿದ್ದರಿಂದ ರಾಜಸತ್ತೆಯನ್ನು ಸೂಚಿಸುವ ಹೆಸರುಗಳನ್ನು ಮೊದಲು ಕಳುಹಿಸಲಾಗಿತ್ತು. ಕುದುರೆಗಳ ಹೆಸರುಗಳನ್ನು ನೋಂದಾಯಿಸುವ ಜಾಕಿ ಕ್ಲಬ್ ಅವನ್ನು ಒಪ್ಪಲಿಲ್ಲ. ಆಗ ಕುದುರೆ ಹುಟ್ಟಿದ ಫಾರ್ಮಿನ ಕಾರ್ಯದರ್ಶಿಯಾಗಿದ್ದ ಎಲಿಜಬೆತ್ ಹ್ಯಾಮ್, ಹಿಂದೆ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಗಳ ಒಕ್ಕೂಟವಾದ ಲೀಗ್ ಆಫ್ ನೇಷನ್ಸ್‌ನ ಸಚಿವಾಲಯದೊಂದಿಗೆ ತಮಗಿದ್ದ ನಂಟಿನ ನೆನಪಿನಿಂದ ಈ ಹೆಸರನ್ನು ಸೂಚಿಸಿದರು. ಇಂದು ಆ ಪದ ಕಿವಿಗೆ ಬಿದ್ದರೆ ಕಣ್ಣಿಗೆ ಕಟ್ಟುವುದು ಕೆಂಪು ಕುದುರೆಯ ಓಟ. ಅರ್ಥವನ್ನು ಆ ಹೆಸರಿಗೆ ತುಂಬಿದ್ದು ಕುದುರೆಯೇ. ಅದೇ ಹೆಸರನ್ನು ಇನ್ನೊಂದು ಕುದುರೆಗೆ ಇಟ್ಟರೆ ಅದು ಬದುಕಿರುವವರೆಗೂ ಮತ್ತೊಂದರ ನೆರಳಿನಲ್ಲೇ ನಿಲ್ಲಬೇಕಾಗುತ್ತದೆ.

ನನ್ನನ್ನು ಬಹಳ ದಿನ ಹಿಡಿದಿಟ್ಟದ್ದು ಮ್ಯಾನ್ ಓ ವಾರ್‌ನ ವಂಶ. ಮೊದಲನೆಯ ಮಹಾಯುದ್ಧದ ನಡುವೆ, 1917ರಲ್ಲಿ, ಹುಟ್ಟಿದ ಆ ಮರಿಗೆ ಹೆಸರಿಟ್ಟವರು ಅದರ ಒಡೆಯ ಆಗಸ್ಟ್ ಬೆಲ್ಮಾಂಟರ ಪತ್ನಿ ಎಲಿನಾರ್. ಅರವತ್ತು ದಾಟಿದ ಗಂಡ ಸೇನೆ ಸೇರಿದ್ದರಿಂದ ಅವರು 'ಮೈ ಮ್ಯಾನ್ ಓ ವಾರ್' ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಯುದ್ಧನೌಕೆಗೂ ಇದೇ ಪದ. ಹೀಗಾಗಿ 'ನನ್ನ ಯೋಧ' ಎಂಬ ಅಕ್ಕರೆಯೂ ನೌಕೆಯ ಗಾಂಭೀರ್ಯವೂ ಒಂದೇ ಹೆಸರಿನೊಳಗೆ ಬಂದವು. ಮುಂದೆ 'ಮೈ' ಬಿದ್ದುಹೋಗಿ ಉಳಿದದ್ದು ಹೆಸರಾಯಿತು. ಆ ಕುದುರೆ 21 ರೇಸ್‌ಗಳಲ್ಲಿ 20ನ್ನು ಗೆದ್ದಿತು. 1919ರಲ್ಲಿ ಸಾರಟೋಗದಲ್ಲಿ ಅದನ್ನು ಸೋಲಿಸಿದ ಒಂದೇ ಒಂದು ಕುದುರೆಯ ಹೆಸರು ಅಪ್‌ಸೆಟ್, ಅಂದರೆ ಬುಡಮೇಲು. ಹೆಸರೊಂದು ಹೀಗೆ ನಿಜವಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಇನ್ನು ಅದರ ಮಕ್ಕಳು. ಒಂದು ಮಗನ ಹೆಸರು ವಾರ್ ಅಡ್ಮಿರಲ್, ನೌಕಾಸೇನೆಯ ಅಧಿಪತಿ. ಇನ್ನೊಂದರ ಹೆಸರು ಹಾರ್ಡ್ ಟ್ಯಾಕ್, ಅಂದರೆ ನಾವಿಕರು ದೀರ್ಘ ಪ್ರಯಾಣಗಳಲ್ಲಿ ಕೆಡದಂತೆ ಇಟ್ಟುಕೊಂಡು ತಿನ್ನುತ್ತಿದ್ದ ಕಲ್ಲಿನಂತಹ ಒಣ ಬಿಸ್ಕತ್ತು. ಹಾರ್ಡ್ ಟ್ಯಾಕ್‌ಗೆ 1933ರಲ್ಲಿ ಹುಟ್ಟಿದ ಮಗನಿಗೆ ಅದೇ ತಿನಿಸಿನ ಇನ್ನೊಂದು ಹೆಸರಾದ ಸೀಬಿಸ್ಕಿಟ್ ಎಂಬುದನ್ನೇ ಇಟ್ಟರು. ತಾತ ನೌಕೆ, ಚಿಕ್ಕಪ್ಪ ಅಧಿಪತಿ, ತಂದೆ ಮತ್ತು ಮಗ ನಾವಿಕರ ಬುತ್ತಿ. ಈ ಕ್ರಮವನ್ನು ತಿಳಿದ ಮೇಲೆ, 1938ರ ನವೆಂಬರ್ 1ರಂದು ಪಿಮ್ಲಿಕೊ ರೇಸ್ ಮೈದಾನದಲ್ಲಿ ಸೀಬಿಸ್ಕಿಟ್ ಮತ್ತು ವಾರ್ ಅಡ್ಮಿರಲ್ ಎಂಬ ಎರಡೇ ಕುದುರೆಗಳ ನಡುವೆ ನಡೆದ ಪಂದ್ಯದಲ್ಲಿ ಬಡ ಬಿಸ್ಕತ್ತು ಅಧಿಪತಿಯನ್ನು ನಾಲ್ಕು ಕುದುರೆಯುದ್ದ ಹಿಂದಿಕ್ಕಿದ ಸಂಗತಿಗೆ ಬೇರೆಯೇ ಸ್ವಾರಸ್ಯ ಬರುತ್ತದೆ. ತಂದೆಯ ಹೆಸರಿನ ಸದ್ದನ್ನು ಅನುಕರಿಸದೆ, ಅದರ ಅರ್ಥದ ಲೋಕದೊಳಗೆ ನಡೆದು ಅಲ್ಲಿಂದ ಹೊಸದೊಂದು ವಸ್ತುವನ್ನು ಎತ್ತಿಕೊಂಡು ಬರುವ ಈ ಬಗೆ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಯಿತು.

ನೃತ್ಯದ ಹೆಸರುಗಳ ವಂಶವೂ ಹೀಗೆಯೇ ಬೆಳೆದಿದೆ. ಪಾಲಿನೇಷಿಯನ್ (ಪೆಸಿಫಿಕ್ ದ್ವೀಪಗಳವನು) ಎಂಬ ತಂದೆ, ಗೀಶಾ (ಜಪಾನಿನ ನೃತ್ಯ-ಗಾಯನದ ಕಲಾವಿದೆ) ಎಂಬ ತಾಯಿಗೆ ಹುಟ್ಟಿದ್ದು ನೇಟಿವ್ ಡಾನ್ಸರ್, ಆ ನೆಲದ ನರ್ತಕ. ಅದರ ಮಗಳ ಮಗ, ಉತ್ತರದ ಸೀಮೆಯನ್ನು ಸೂಚಿಸುವ ನಿಯಾರ್ಕ್ಟಿಕ್ ಎಂಬ ಕುದುರೆಗೆ ಹುಟ್ಟಿದ್ದರಿಂದ, ನಾರ್ದರ್ನ್ ಡಾನ್ಸರ್ ಆಯಿತು. ಅದರ ಮಕ್ಕಳಿಗೆ ನಿಜಿನ್ಸ್ಕಿ, ನುರೆಯೆವ್ ಎಂಬ ಮಹಾನ್ ನರ್ತಕರ ಹೆಸರುಗಳೂ, ಲಂಡನ್ನಿನ ನೃತ್ಯರಂಗಮಂದಿರವಾದ ಸ್ಯಾಡ್ಲರ್ಸ್ ವೆಲ್ಸ್‌ನ ಹೆಸರೂ ಬಂದವು.

ಹುಟ್ಟಿದ ಗಳಿಗೆಯಿಂದ ಬಂದ ಹೆಸರುಗಳಲ್ಲಿ ಎಕ್ಲಿಪ್ಸ್‌ಗೆ ಸಮನಾದದ್ದಿಲ್ಲ. 1764ರ ಏಪ್ರಿಲ್ 1ರಂದು, ಸೂರ್ಯಗ್ರಹಣದ ದಿನ, ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಕುದುರೆ ಓಡಿದ 18 ರೇಸ್‌ಗಳಲ್ಲಿ ಒಂದನ್ನೂ ಸೋಲಲಿಲ್ಲ. 'ಗ್ರಹಣ ಹಿಡಿಯಿತು' ಎಂದರೆ ಕೆಲಸ ಕೆಟ್ಟಿತು ಎಂದೇ ತಿಳಿಯುವ ಭಾಷೆಯಲ್ಲಿ ಆ ಪದವನ್ನು ಹೆಸರಾಗಿಸುವುದು ಕಷ್ಟವೇ ಸರಿ, ಆದರೆ ಹುಟ್ಟಿದ ದಿನದ ಆಕಾಶವನ್ನು ನೆನಪಿಟ್ಟುಕೊಳ್ಳುವ ಕ್ರಮ ಎಲ್ಲ ಭಾಷೆಗೂ ಹೊಂದುತ್ತದೆ. ಎಕ್ಲಿಪ್ಸ್‌ನ ಮಗನೊಂದಕ್ಕೆ 'ಪೊಟೇಟೋಸ್' ಎಂದು ಬರೆಯಲು ಹೇಳಿದಾಗ, ಲಾಯದ ಹುಡುಗ ಅದನ್ನು 'ಪಾಟ್' ಮತ್ತು ಎಂಟು 'ಓ'ಗಳು ಎಂದು ಕೇಳಿಸಿಕೊಂಡು ಹಾಗೆಯೇ ಬರೆದನೆಂದೂ, ಒಡೆಯನಿಗೆ ಅದು ಹಿಡಿಸಿ ಅದೇ ಉಳಿಯಿತೆಂದೂ ಹೇಳುತ್ತಾರೆ.

ನ್ಯೂಜಿಲೆಂಡಿನಲ್ಲಿ 1926ರಲ್ಲಿ ಹುಟ್ಟಿದ ಫಾರ್ ಲ್ಯಾಪ್‌ನ ಹೆಸರಿನಲ್ಲಿ ಎರಡು ಬಗೆಯ ಯೋಚನೆ ಸೇರಿದೆ. ಥಾಯ್ ಭಾಷೆಯಲ್ಲಿ ಮಿಂಚು ಎಂಬರ್ಥದ ಪದವನ್ನು ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಸೂಚಿಸಿದ್ದರು. ಟ್ರೈನರ್ ಹ್ಯಾರಿ ಟೆಲ್ಫರ್ಡ್, ಆಸ್ಟ್ರೇಲಿಯದ ದೊಡ್ಡ ರೇಸಾದ ಮೆಲ್ಬೋರ್ನ್ ಕಪ್ ಗೆದ್ದ ಹಿಂದಿನ ಹಲವು ಕುದುರೆಗಳ ಹೆಸರುಗಳಂತೆ ಎರಡು ಪದ, ಇಂಗ್ಲಿಷಿನಲ್ಲಿ ಏಳು ಅಕ್ಷರ ಬರುವ ಹಾಗೆ ಅದರ ಕಾಗುಣಿತವನ್ನು ತಿದ್ದಿದರು. ಆ ಕಪ್ಪನ್ನು ಅದು 1930ರಲ್ಲಿ ಗೆದ್ದಿತು. ಇಂಗ್ಲೆಂಡಿನ ಬೇಲಿ ಹಾರುವ ರೇಸಾದ ಗ್ರ್ಯಾಂಡ್ ನ್ಯಾಷನಲ್ ಅನ್ನು 1973, 1974 ಮತ್ತು 1977ರಲ್ಲಿ ಗೆದ್ದ ರೆಡ್ ರಮ್‌ನದು ಇನ್ನೂ ಸರಳವಾದ ಕ್ರಮ, ಇಂಗ್ಲಿಷಿನಲ್ಲಿ ಬರೆದಾಗ: ತಾಯಿ ಮಾರೆಡ್‌ನ ಕೊನೆಯ ಮೂರಕ್ಷರ, ತಂದೆ ಕ್ವೋರಮ್‌ನ ಕೊನೆಯ ಮೂರಕ್ಷರ. ನಾನೂ ಹಾಗೆ ಮಾಡಿ ನೋಡಿದೆ. ಸಂಜೆ ಮತ್ತು ಮೇಘರಾಜ ಸೇರಿ 'ಜೆರಾಜ' ಆಗುತ್ತದೆ, ಅದು ಯಾವ ಕುದುರೆಗೂ ಒಪ್ಪುವಂಥದ್ದಲ್ಲ.

ರೇಸಿಗೆ ಇಳಿಸುವ ಕುದುರೆಯಾದರೆ ನಿಯಮಗಳನ್ನೂ ಗಮನಿಸಬೇಕು. ಅಮೆರಿಕದ ಜಾಕಿ ಕ್ಲಬ್‌ನಲ್ಲಿ ಹೆಸರು, ನಡುವಿನ ಖಾಲಿ ಜಾಗವೂ ಸೇರಿ, 18 ಅಕ್ಷರ ಮೀರುವಂತಿಲ್ಲ. ಪ್ರಖ್ಯಾತ ಕುದುರೆಗಳ ಹೆಸರುಗಳನ್ನು ಮತ್ತೆ ಕೊಡುವುದಿಲ್ಲ. ಬದುಕಿರುವ ವ್ಯಕ್ತಿಯ ಹೆಸರಿಗೆ ಅವರ ಲಿಖಿತ ಒಪ್ಪಿಗೆ ಬೇಕು. ನೋಂದಣಿಯಾದ ಅಕ್ಷರಗಳೇ ಕೊನೆ: 2015ರಲ್ಲಿ ಟ್ರಿಪಲ್ ಕ್ರೌನ್ ಗೆದ್ದ ಅಮೆರಿಕನ್ ಫೇರೋ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರಗಳು ಹಿಂದುಮುಂದಾಗಿದ್ದರೂ ಅದು ಹಾಗೆಯೇ ಇತಿಹಾಸ ಸೇರಿದೆ. ನನ್ನವಳು ರೇಸಿಗೆ ಹೋಗುವವಳಲ್ಲವಾದ್ದರಿಂದ ಈ ಕಟ್ಟುಪಾಡುಗಳು ನನಗಿರಲಿಲ್ಲ. ನನಗಿದ್ದ ನಿಯಮ ಒಂದೇ, ಬಯಲಿನ ಆಚೆ ತುದಿಯಲ್ಲಿ ಮೇಯುತ್ತಿರುವಾಗ ಕೂಗಿ ಕರೆದರೆ ಹೆಸರು ಒಡೆಯದೆ ತಲುಪಬೇಕು. ಫಾರ್ ಲ್ಯಾಪ್‌ನನ್ನೂ ಲಾಯದಲ್ಲಿ 'ಬಾಬಿ' ಎಂದೇ ಕರೆಯುತ್ತಿದ್ದರು.

ಕೊನೆಗೆ ನಾನು ಹಿಡಿದದ್ದು ಸೀಬಿಸ್ಕಿಟ್‌ನ ದಾರಿ. ತಂದೆ ಮೇಘ, ತಾಯಿ ಸಂಜೆ. ಸಂಜೆಯ ಮೋಡದಿಂದ ಇಳಿಯುವುದು ಏನು ಎಂದು ಕೇಳಿಕೊಂಡಾಗ ಮೊದಲು ಗುಡುಗು, ಸಿಡಿಲು ಎಂದೆಲ್ಲ ಹೊಳೆಯಿತು. ಆದರೆ ಅವಳು ಅಬ್ಬರದವಳಲ್ಲ, ಕೈಯಿಂದ ಹುಲ್ಲನ್ನು ತೆಗೆದುಕೊಳ್ಳುವಾಗಲೂ ತುಟಿಯನ್ನು ಮೆಲ್ಲಗೆ ತಾಗಿಸುವವಳು. ಆ ದಿನ ಮೈ ಉಜ್ಜುತ್ತಾ ತೊಡೆಯ ಚುಕ್ಕೆಗಳ ಮೇಲೆ ಬ್ರಷ್ ಆಡಿಸುತ್ತಿದ್ದಾಗ, ಅವು ಕೆಂಪು ಮಣ್ಣಿನ ಮೇಲೆ ಆಗತಾನೇ ಬಿದ್ದ ಹನಿಗಳಂತೆ ಕಂಡವು. ತುಂತುರು ಎಂದು ಮೆಲ್ಲಗೆ ಹೇಳಿದೆ. ಮರುದಿನ ಬಯಲಿನ ಈ ತುದಿಯಿಂದ, ಕೊನೆಯ ಅಕ್ಷರವನ್ನು ಎಳೆದು, ಕೂಗಿ ನೋಡಿದೆ. ಮೊದಲ ವಾರ ತಲೆಯೆತ್ತಲೂ ಇಲ್ಲ. ಈಗ ಎರಡನೆಯ ಕರೆಗೆ ಕಿವಿ ನಿಮಿರಿಸುತ್ತಾಳೆ, ಮೂರನೆಯದಕ್ಕೆ ನಡೆದು ಬರುತ್ತಾಳೆ.