ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಯಾಂಪರ್‌ವ್ಯಾನ್ ಪ್ರವಾಸ: ಮಲೆನಾಡಿನಿಂದ ಹೊರಡುವವರಿಗೆ

ಏಪ್ರಿಲ್ ತಿಂಗಳಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕ ಕೂಡಲೇ ನಾನು, ನನ್ನ ಹೆಂಡತಿ, ಹನ್ನೊಂದು ಮತ್ತು ಆರು ವರ್ಷದ ಇಬ್ಬರು ಮಕ್ಕಳು ಹಾಗೂ ಎಪ್ಪತ್ತರ ಹತ್ತಿರದ ನನ್ನ ಅಮ್ಮ ತೀರ್ಥಹಳ್ಳಿಯಿಂದ ಹೊರಟು, ಕ್ರೈಸ್ಟ್‌ಚರ್ಚ್‌ನಲ್ಲಿ ಆರು ಜನ ಮಲಗಬಹುದಾದ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಪಡೆದು ಹದಿಮೂರು ದಿನ ದಕ್ಷಿಣ ದ್ವೀಪವನ್ನು ಸುತ್ತಿ ಬಂದೆವು. ನಮ್ಮ ನೆಂಟರಲ್ಲಿಯೇ ಎರಡು ಕುಟುಂಬಗಳು ಮುಂದಿನ ವರ್ಷ ಇದೇ ದಾರಿಯಲ್ಲಿ ಹೋಗಬೇಕೆಂದಿರುವುದರಿಂದ, ಅವರಿಗೂ ಅವರಂಥ ಇತರರಿಗೂ ಉಪಯೋಗಕ್ಕೆ ಬರುವ ಸಂಗತಿಗಳನ್ನು ಬರೆಯುತ್ತಿದ್ದೇನೆ.

ತಯಾರಿ ಪಾದರಕ್ಷೆಯಿಂದ ಆರಂಭವಾಗಬೇಕು. ಆ ದೇಶ ತನ್ನ ಕಾಡು ಮತ್ತು ಕೃಷಿಯನ್ನು ಹೊರಗಿನ ರೋಗ, ಕೀಟ, ಬೀಜಗಳಿಂದ ಕಾಪಾಡಿಕೊಳ್ಳಲು ಬಹಳ ಕಟ್ಟುನಿಟ್ಟಾದ ತಪಾಸಣೆ ನಡೆಸುತ್ತದೆ. ಅಡಿಕೆ ತೋಟದಲ್ಲಿ ಓಡಾಡಿದ ಬೂಟಿನ ಅಡಿಯಲ್ಲಿ ಒಣಗಿ ಉಳಿದ ಮಣ್ಣು ಕೂಡ ಅವರಿಗೆ ಅಪಾಯದ ವಸ್ತುವೇ. ಹೊರಡುವ ಎರಡು ದಿನ ಮೊದಲು ನಾವು ಎಲ್ಲರ ಬೂಟುಗಳನ್ನೂ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗೆರೆಗೆರೆ ಉಜ್ಜಿ ತೊಳೆದು ಒಣಗಿಸಿದ್ದೆವು. ಜೇನುತುಪ್ಪ, ತಾಜಾ ಹಣ್ಣು, ಕರಿಬೇವಿನ ಸೊಪ್ಪು ಇವುಗಳನ್ನು ಒಯ್ಯಲೇಬೇಡಿ. ಅಮ್ಮ ಕಟ್ಟಿಕೊಂಡಿದ್ದ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಎಲ್ಲವನ್ನೂ ನಾವು ಘೋಷಣಾ ಪತ್ರದಲ್ಲಿ ಬರೆದುಕೊಟ್ಟೆವು. ಅಧಿಕಾರಿ ಪ್ರತಿಯೊಂದು ಪೊಟ್ಟಣವನ್ನೂ ನೋಡಿ, ಮೂಸಿ, ನಮಗೆ ಮರಳಿ ಕೊಟ್ಟರು. ಘೋಷಿಸಿದ್ದಕ್ಕೆ ದಂಡವಿಲ್ಲ, ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟರೆ ಸ್ಥಳದಲ್ಲಿಯೇ 400 ನ್ಯೂಜಿಲೆಂಡ್ ಡಾಲರ್ ತೆರಬೇಕಾಗುತ್ತದೆ.

ನಮ್ಮಂತೆ ಅಲ್ಲಿಯೂ ಎಡಬದಿಯ ಸಂಚಾರವಿರುವುದರಿಂದ ಮತ್ತು ಆಗುಂಬೆ ಘಾಟಿಯ ತಿರುವುಗಳಲ್ಲಿ ಓಡಿಸಿದ ರೂಢಿ ಇದ್ದುದರಿಂದ ರಸ್ತೆ ನನಗೆ ಕಷ್ಟವಾಗಲಿಲ್ಲ. ಆದರೆ ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುವ ನಮ್ಮ ಅಭ್ಯಾಸವನ್ನು ಇಲ್ಲಿಯೇ ಬಿಟ್ಟು ಹೋಗಬೇಕು. ಊರಿನ ಹೊರಗೆ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 100 ಕಿ.ಮೀ. ಇದ್ದರೂ ಏಳು ಮೀಟರ್ ಉದ್ದದ ವಾಹನದಲ್ಲಿ ಆ ವೇಗ ಸಾಧ್ಯವೂ ಅಲ್ಲ, ಕ್ಷೇಮವೂ ಅಲ್ಲ. ಹಿಂದೆ ವಾಹನಗಳು ಸೇರಿಕೊಂಡರೆ ರಸ್ತೆಯ ಪಕ್ಕದಲ್ಲಿ ಜಾಗ ಸಿಕ್ಕ ಕಡೆ ನಿಂತು ಅವರಿಗೆ ದಾರಿ ಬಿಡುವುದು ಅಲ್ಲಿನ ಮರ್ಯಾದೆ. ಒಂದೇ ವಾಹನ ದಾಟಬಹುದಾದ ಸೇತುವೆಗಳು ಅನೇಕ ಇವೆ. ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪು ಬಣ್ಣದಲ್ಲಿದ್ದರೆ ನೀವು ಕಾಯಬೇಕು. ಏಳು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸುರಕ್ಷತಾ ಆಸನ ಕಡ್ಡಾಯ. ಅದನ್ನು ಕ್ಯಾಂಪರ್‌ವ್ಯಾನಿನ ಎಲ್ಲ ಸೀಟುಗಳಿಗೂ ಕಟ್ಟಲು ಬರುವುದಿಲ್ಲವಾದ್ದರಿಂದ, ಯಾವ ಸೀಟಿಗೆ ಕಟ್ಟಬಹುದೆಂದು ಬಾಡಿಗೆಗೆ ಗೊತ್ತು ಮಾಡುವಾಗಲೇ ಕೇಳಿಕೊಳ್ಳಿ. ಡೀಸೆಲ್ ವಾಹನಕ್ಕೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ರಸ್ತೆ ತೆರಿಗೆ ಇರುತ್ತದೆ. ಬಾಡಿಗೆಯ ಲೆಕ್ಕ ಹಾಕುವಾಗ ನಾವು ಅದನ್ನು ಸೇರಿಸಿರಲಿಲ್ಲ.

ನಾನು ಒತ್ತಿ ಹೇಳಬೇಕಾದ ಮಾತು ಒಂದೇ: ಸಂಜೆ ನಾಲ್ಕು ಗಂಟೆಯ ಒಳಗೆ ಅಂದಿನ ತಂಗುದಾಣ ಸೇರಿರಬೇಕು. ನಮ್ಮ ಬೇಸಿಗೆ ಅಲ್ಲಿಗೆ ಶರತ್ಕಾಲವಾದ್ದರಿಂದ ಏಪ್ರಿಲ್ ನಡುವಿನ ಹೊತ್ತಿಗೆ ಆರೂವರೆಗೆಲ್ಲ ಕತ್ತಲಾಗುತ್ತದೆ. ಕ್ರೈಸ್ಟ್‌ಚರ್ಚ್‌ನಿಂದ ಟೆಕಪೊ ಸರೋವರಕ್ಕೆ ಸುಮಾರು 225 ಕಿ.ಮೀ. ಇದ್ದು, ಮೂರು ಗಂಟೆಯ ದಾರಿಯೆಂದು ಫೋನಿನ ನಕ್ಷೆ ಹೇಳಿತ್ತು. ದಿನಸಿ ಖರೀದಿ, ಊಟ, ಮಕ್ಕಳ ವಿಶ್ರಾಂತಿ ಎಲ್ಲ ಸೇರಿ ನಮಗೆ ಏಳು ಗಂಟೆ ಹಿಡಿಯಿತು. ಅಲ್ಲಿನ ಶಾಲೆಗಳಿಗೂ ಏಪ್ರಿಲ್‌ನಲ್ಲಿಯೇ ಎರಡು ವಾರ ರಜೆ. ನಾವು ನಂಬಿಕೊಂಡಿದ್ದ ಶಿಬಿರತಾಣ ಭರ್ತಿಯಾಗಿತ್ತು. ಕತ್ತಲಲ್ಲಿ, ಪರಿಚಯವಿಲ್ಲದ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಅಮ್ಮ ಮೌನವಾಗಿ ಕೂತಿರುವಾಗ ಇನ್ನೊಂದು ಜಾಗ ಹುಡುಕುತ್ತಾ ಅಲೆದ ಆ ಒಂದೂವರೆ ಗಂಟೆಯನ್ನು ನಾನು ಮರೆಯಲಾರೆ. ಮರುದಿನದಿಂದ ದಿನಕ್ಕೆ 200 ಕಿ.ಮೀ. ಮೀರುವುದಿಲ್ಲವೆಂದು ನಿಶ್ಚಯಿಸಿದೆವು.

ಕಂಡಕಂಡಲ್ಲಿ ತಂಗುವ ಸ್ವಾತಂತ್ರ್ಯ ಅಲ್ಲಿದೆಯೆಂದು ಹಲವರು ತಿಳಿದಿರುತ್ತಾರೆ. 2023ರಲ್ಲಿ ಬಿಗಿಗೊಳಿಸಿದ ಕಾನೂನಿನ ಪ್ರಕಾರ, ಅಂಥ ಹೆಚ್ಚಿನ ಜಾಗಗಳಲ್ಲಿ ತಂಗಲು ವಾಹನದೊಳಗೆ ಸ್ಥಿರವಾಗಿ ಜೋಡಿಸಿದ ಶೌಚವಿದ್ದು ಪ್ರಮಾಣಪತ್ರ ಪಡೆದಿರಬೇಕು, ಸ್ಥಳೀಯ ಆಡಳಿತ ನಿಷೇಧಿಸಿದ ಕಡೆ ಆಗಲೂ ನಿಲ್ಲುವಂತಿಲ್ಲ. ಹಿರಿಯರಿರುವ ಕುಟುಂಬಕ್ಕೆ ನನ್ನ ಸಲಹೆ ಹೀಗಿದೆ: ಎರಡು ರಾತ್ರಿ ಅಲ್ಲಿನ ಸಂರಕ್ಷಣಾ ಇಲಾಖೆಯ ಸರಳ ತಾಣಗಳಲ್ಲಿ ಉಳಿದರೆ, ಮೂರನೆಯ ರಾತ್ರಿ ಬಿಸಿನೀರು, ವಿದ್ಯುತ್, ಬಟ್ಟೆ ಒಗೆಯುವ ಯಂತ್ರ, ಅಡುಗೆಮನೆ ಎಲ್ಲ ಇರುವ ಹಾಲಿಡೇ ಪಾರ್ಕ್‌ನಲ್ಲಿ ತಂಗಿ. 3,724 ಮೀಟರ್ ಎತ್ತರದ ಔರಾಕಿ ಮೌಂಟ್ ಕುಕ್ ಪರ್ವತದ ಬುಡದಲ್ಲಿರುವ ವೈಟ್ ಹಾರ್ಸ್ ಹಿಲ್ ಆ ಇಲಾಖೆಯದೇ ಒಂದು ತಾಣ. ಮುಂಜಾನೆ ಬಾಗಿಲು ತೆಗೆದರೆ ಎದುರಿಗೇ ಹಿಮ.

ವ್ಯಾನಿನೊಳಗಿನ ಬದುಕಿಗೂ ಶಿಸ್ತು ಬೇಕು. ಶೌಚದ ಡಬ್ಬಿಯನ್ನೂ ಪಾತ್ರೆ ತೊಳೆದ ನೀರಿನ ಟ್ಯಾಂಕನ್ನೂ ಗೊತ್ತುಪಡಿಸಿದ ಡಂಪ್ ಸ್ಟೇಷನ್‌ಗಳಲ್ಲಿ ಮಾತ್ರ ಖಾಲಿ ಮಾಡಬೇಕು. ಡಬ್ಬಿ ತುಂಬುವವರೆಗೆ ಕಾಯದೆ ದಿನ ಬಿಟ್ಟು ದಿನ ಆ ಕೆಲಸ ಮುಗಿಸಿದರೆ ಅದು ಐದು ನಿಮಿಷದ್ದು, ಅಸಹ್ಯವೂ ಆಗುವುದಿಲ್ಲ. ಐದು ಜನರ ಉಸಿರಿಗೆ ಬೆಳಗಾಗುವ ಹೊತ್ತಿಗೆ ಗಾಜುಗಳೆಲ್ಲ ಆಷಾಢದ ಗೋಡೆಗಳಂತೆ ಬೆವರಿ ಹಾಸಿಗೆಯ ಅಂಚು ಒದ್ದೆಯಾಗುತ್ತಿತ್ತು. ಚಳಿಯೆಂದು ಎಲ್ಲ ಮುಚ್ಚದೆ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಟ್ಟ ಮೇಲೆ ಅದು ಕಡಿಮೆಯಾಯಿತು. ಗ್ಯಾಸ್ ಒಲೆ ಉರಿಸುವಾಗಲಂತೂ ಕಿಟಕಿ ತೆರೆದಿರಲೇಬೇಕು. ಅಮ್ಮ ಅಂಗೈಯಗಲದ ಕಟ್ಟೆಯ ಮೇಲೆ ಬಾಳೆಲೆಯ ಬದಲು ಎಣ್ಣೆ ಸವರಿದ ಬೇಕಿಂಗ್ ಕಾಗದದಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ರೊಟ್ಟಿ ಚಿಕ್ಕದಾದರೂ ಹರಿಯಲಿಲ್ಲ. ಅಕ್ಕಿ ಹಿಟ್ಟು ಅಲ್ಲಿನ ದೊಡ್ಡ ಊರುಗಳ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ.

ತೆ ಆನೌ ಎಂಬ ಊರಿನಿಂದ, ಕಡಿದಾದ ಬಂಡೆಗಳ ನಡುವೆ ಸಮುದ್ರ ಒಳಚಾಚಿರುವ ಮಿಲ್ಫೋರ್ಡ್ ಸೌಂಡ್‌ಗೆ 118 ಕಿ.ಮೀ. ಡೀಸೆಲನ್ನು ತೆ ಆನೌನಲ್ಲಿಯೇ ಪೂರ್ತಿ ತುಂಬಿಸಿ, ಮುಂದೆ ಫೋನಿನ ಸಂಪರ್ಕವೂ ಬಹುಮಟ್ಟಿಗೆ ಇರುವುದಿಲ್ಲ. 1954ರಲ್ಲಿ ಸಂಚಾರಕ್ಕೆ ತೆರೆದ 1.2 ಕಿ.ಮೀ. ಉದ್ದದ ಹೋಮರ್ ಸುರಂಗ ಬಂಡೆಯನ್ನು ಕೊರೆದು ಇಳಿಜಾರಾಗಿ ಇಳಿಯುತ್ತದೆ. ವರ್ಷಕ್ಕೆ 6,000 ಮಿ.ಮೀ. ಮೀರಿ ಮಳೆ ಸುರಿಯುವ ಜಾಗವದು, ಹಾಗಾಗಿ ಮಳೆ ಬಂತೆಂದು ದೋಣಿ ಪ್ರಯಾಣ ರದ್ದು ಮಾಡಬೇಡಿ. ಆಗುಂಬೆಯ ಮಳೆ ಕಂಡವರಿಗೆ ಅದು ಅಂಜಿಕೆಯ ವಿಷಯವಲ್ಲ, ಸುರಂಗ ದಾಟಿದ ಕೂಡಲೇ ಬಂಡೆಯುದ್ದಕ್ಕೂ ನೂರಾರು ಝರಿಗಳು ಎದ್ದು ನಿಲ್ಲುವುದು ಮಳೆಯಲ್ಲಿಯೇ. ಅಲ್ಲಿ ನಮ್ಮ ಇಂಬಳದ ಕಾಟಕ್ಕೆ ಬದಲಾಗಿ ಸ್ಯಾಂಡ್‌ಫ್ಲೈ ಎಂಬ ಪುಟ್ಟ ಕಪ್ಪು ನೊಣಗಳಿವೆ; ಕಾಲುಚೀಲ, ಪೂರ್ಣ ತೋಳಿನ ಅಂಗಿ ಹಾಕಿಕೊಂಡೇ ಕೆಳಗಿಳಿಯಿರಿ.

ವ್ಯಾನ್ ಹಿಂದಿರುಗಿಸುವ ಹಿಂದಿನ ರಾತ್ರಿ ಹಾಲಿಡೇ ಪಾರ್ಕ್‌ನಲ್ಲಿ ತಂಗಿ ಟ್ಯಾಂಕುಗಳನ್ನು ಖಾಲಿ ಮಾಡಿ, ಪಾತ್ರೆಗಳನ್ನು ಎಣಿಸಿಟ್ಟುಕೊಳ್ಳಿ. ಅಡುಗೆಮನೆಯ ಮೂಲೆಯಲ್ಲಿ, ಹೊರಟವರು ಉಳಿದ ದಿನಸಿಯನ್ನು ಮುಂದಿನವರಿಗಾಗಿ ಇಟ್ಟುಹೋಗುವ ಕಪಾಟು ಇರುತ್ತದೆ. ಕತ್ತಲಲ್ಲಿ ಅಲೆದು ಕೊನೆಗೆ ಜಾಗ ಸಿಕ್ಕ ಮೊದಲ ರಾತ್ರಿ, ಪೇಟೆಯಲ್ಲಿ ಕೊಳ್ಳಲು ಮರೆತಿದ್ದ ಉಪ್ಪು ನಮಗೆ ಸಿಕ್ಕಿದ್ದು ಅಂಥ ಕಪಾಟಿನಲ್ಲಿಯೇ. ಕೊನೆಯ ರಾತ್ರಿ ಅಮ್ಮ ಉಳಿದಿದ್ದ ಅಕ್ಕಿ, ಬೇಳೆ ಮತ್ತು ಅದೇ ಉಪ್ಪಿನ ಡಬ್ಬಿಯನ್ನು ಒರೆಸಿ ಅಲ್ಲಿಟ್ಟು ಬಂದರು.